ಮುರಿದ ಕಂಬಗಳ ನಡುವಿನ ಆಕಳು

"ಜವರಮ್ಮನ ತಗೊಂಡಾಳ ಅಂತ ನಾ ಹೇಳಾಕತ್ತಿಲ್ಲ," ಎಂದ ಪ್ರಭುದೇವ. "ಆದ್ರ ಎಲ್ಲಾರೂ ಹಿತ್ತಲದಾಗ ಊಟಕ್ಕ ಕೂತಾಗ ಒಳಗ ಹೊರಗ ಅಡ್ಡಾಡಿದಾಕಿ ಆಕಿ ಒಬ್ಬಾಕಿನ."

ಹೇಳುವುದಿಲ್ಲ ಎನ್ನುತ್ತಲೇ ಎಲ್ಲ ಹೇಳಿಬಿಡುವ ಈ ಜಾಣತನ ಕಲ್ಮೇಶನಿಗೆ ಎಂದೂ ಸೇರುತ್ತಿರಲಿಲ್ಲ. ಗೃಹಪ್ರವೇಶದ ಹೋಳಿಗೆ ಗಂಟಲಲ್ಲಿ ಇಳಿಯುವ ಮೊದಲೇ ಪರದೇಶದ ಸಮಾಮಿಶ್ ಊರಿನಲ್ಲಿದ್ದ ಪ್ರಭುದೇವನ ಆ ಹೊಸ ಮನೆ ಪೊಲೀಸ್ ಠಾಣೆಯಂತಾಗಿತ್ತು. ಕಲ್ಮೇಶನ ಪಕ್ಕದಲ್ಲಿ ಅವನ ದೊಡ್ಡವ್ವ ಬಸವಣ್ಣೆವ್ವ ಎಲೆ ಅಡಿಕೆ ಮಡಿಸುತ್ತಿದ್ದಳು. ಧಾರವಾಡದ ಕೋರ್ಟಿನಲ್ಲಿ ಕರಿ ಕೋಟು ಸವೆಸಿ ಇಲ್ಲಿಗೆ ಬಂದಾಕೆ. ಇಲ್ಲಿನ ಕನ್ನಡದವರಿಗೆ ಏನೇ ತೊಡಕಾದರೂ ಆಕೆಯನ್ನೇ ಕರೆಯುತ್ತಿದ್ದರು. ಕಾರು ಓಡಿಸುವ ಕರ್ಮ ಮಾತ್ರ ಕಲ್ಮೇಶನದು.

ಕಳುವಾದದ್ದು ಸಾಮಾನ್ಯ ವಸ್ತುವಲ್ಲ, ಫ್ಲೆಮಿಶ್ ಕಲಾವಿದನೊಬ್ಬನ ಹಳೆಯ, ಬೆಲೆಬಾಳುವ ಚಿತ್ರ. ರೋಮಿನ ಪಾಳುಬಿದ್ದ ಕಮಾನು, ಮುರಿದ ಕಂಬಗಳು, ನಡುವೆ ಆಡು ಕಾಯುವ ಹೆಂಗಸು, ಕತ್ತೆ ಹೊಡೆಯುವ ಮುದುಕ, ಎಲ್ಲಕ್ಕೂ ಮುಂದೆ ಬಿಳಿ ಹಣೆಯ ಆಕಳು. ಪ್ರಭುದೇವ, ಅವನ ಹೆಂಡತಿ ಸ್ಮಿತಾ ಇಬ್ಬರೂ ಆಸೆಪಟ್ಟು ಕೊಂಡದ್ದು. ಹಳೆಯ ಚಿತ್ರಗಳ ರಿಪೇರಿ ಮಾಡುವ ಗೆಳೆಯ ವಿಶ್ವಾಸ್ ಹಿಂದಿನ ಸಂಜೆ ಪ್ರಭುದೇವನ ಜೊತೆ ಬಂದು, ಭೂತಗನ್ನಡಿ ಹಿಡಿದು ನೋಡಿ, ತಲೆಬಾಗಿಲಿಗೆ ಎದುರಾಗಿ ತೂಗುಹಾಕಿ ಹೋಗಿದ್ದ. ಇಂದು ಊಟವಾದ ಮೇಲೆ ನೆಂಟರಿಗೆ ತೋರಿಸಲು ಮತ್ತೆ ಭೂತಗನ್ನಡಿ ಹಿಡಿದ ವಿಶ್ವಾಸನ ಮುಖ ಬಿಳಿಚಿಕೊಂಡಿತು. ಗೋಡೆಯ ಮೇಲಿದ್ದದ್ದು ಅಚ್ಚು ಹಾಕಿದ ನಕಲಿ.

"ನಾನು ಒಳಕ್ಕೆ ಹೋಗಿದ್ದು ತುಪ್ಪ ತರಾಕೆ ಕಣಮ್ಮ," ಎಂದಳು ಅಡುಗೆಯ ಜವರಮ್ಮ. "ಪೊಲೀಸ್ ಬಂದ್ರೆ ನಾಳೆಯಿಂದ ನನ್ನ ಯಾರು ಮನೆಗೆ ಸೇರಿಸ್ತಾರೆ?"

ಅದು ನಿಜವೇ ಆಗಿತ್ತು. ಸಮಾಮಿಶ್‌ನಿಂದ ಆಚೆ ಫ್ಯಾಕ್ಟೋರಿಯಾದವರೆಗಿನ ಕನ್ನಡದ ಮನೆಗಳಿಗೆಲ್ಲ ಸುದ್ದಿ ಹರಡಲು ಒಂದು ಫೋನು ಸಾಕು. ಹಿತ್ತಲಲ್ಲಿ ಕೂತವರು ಆಗಲೇ ಪಿಸುಗುಡುತ್ತಿದ್ದರು.

ಬಸವಣ್ಣೆವ್ವ ಎದ್ದು ಚಿತ್ರದ ಹತ್ತಿರ ಹೋಗಿ ಆಕಳ ಹಣೆ ಸವರಿದಳು. ಶುರುವಾಯಿತು ಈಕೆಯ ನಾಟಕ ಎಂದುಕೊಂಡ ಕಲ್ಮೇಶ. ಆಕೆ ಬೆರಳು ಅವನ ಮೂಗಿಗೇ ಹಿಡಿದಳು. ಧೂಳು ಎಂದ ಅವನು.

"ನಿನ್ನ ತಲಿ. ಹೊಸಾ ಮನ್ಯಾಗ ಧೂಳ ಎಲ್ಲಿಂದ ಬರಬೇಕೋ? ಇದು ವಿಭೂತಿ."

ಆಮೇಲೆ ಸ್ಮಿತಾಳನ್ನು ಕರೆದು, ಗೃಹಪ್ರವೇಶಕ್ಕೆ ಆಕಳು ತಂದಿದ್ದರೇ ಎಂದು ಕೇಳಿದಳು. ಇಲ್ಲಿ ಮನೆಯೊಳಗೆ ಆಕಳು ನುಗ್ಗಿಸಿದರೆ ಅಕ್ಕಪಕ್ಕದವರು ಸುಮ್ಮನಿರುತ್ತಾರೆಯೇ? ಬೆಳ್ಳಿಯದನ್ನಾದರೂ ತರಬೇಕಿತ್ತು, ಮರೆತೆ, ಅತ್ತೆ 'ನಾ ನೋಡ್ಕೋತೀನಿ ಬಿಡು' ಅಂದರು ಎಂದಳು ಸ್ಮಿತಾ. ರಾತ್ರಿ ಇಲ್ಲಿ ಯಾರಿದ್ದರು? ಯಾರೂ ಇಲ್ಲ. ಪೂಜೆಗೆ ಮುಂಚೆ ಹೊಸ ಮನೆಯಲ್ಲಿ ಮಲಗಬಾರದೆಂದು ಎಲ್ಲರೂ ಬಾಡಿಗೆ ಮನೆಯಲ್ಲೇ ಇದ್ದರು, ಪ್ರಭುದೇವ ಮಾತ್ರ ಏನೋ ಸಾಮಾನು ತರಲು ಹೋಗಿ ತಡವಾಗಿ ಬಂದಿದ್ದ. ಹೊಸ ಮನೆಯ ಎರಡೂ ಕೀಲಿಗಳು ಅವನ ಗೊಂಚಲಿನಲ್ಲೇ ಇದ್ದವು.

ಬಸವಣ್ಣೆವ್ವ ಗಂಡ, ಹೆಂಡತಿ, ಅತ್ತೆ, ವಿಶ್ವಾಸ್, ಜವರಮ್ಮ ಐವರನ್ನೂ ನಡುಮನೆಯಲ್ಲಿ ಕೂರಿಸಿದಳು. ಪ್ರಭುದೇವನ ತಾಯಿ ಕಮಲವ್ವ ಸೆರಗು ಹಿಂಡುತ್ತ ಮೂಲೆಯಲ್ಲಿ ಕೂತಳು.

"ಕೇಳ್ರಿ. ನಿನ್ನೆ ಸಂಜಿಗೆ ಖರೇ ಚಿತ್ರ ಇತ್ತು, ವಿಶ್ವಾಸ್ ನೋಡ್ಯಾನ. ಈಗ ನಕಲಿ ಐತಿ, ಆದ್ರ ನಕಲಿ ಆಕಳಿಗೆ ವಿಭೂತಿ ಹತ್ತೇತಿ. ಊಟ ಆದಮ್ಯಾಲೆ ಹಚ್ಚಿದ್ದಾದ್ರ ಜವರಮ್ಮನ ಮ್ಯಾಲಿನ ಸಂಶೆ ಹಂಗ ಉಳಿತದ. ನಸಿಕಿನ್ಯಾಗ ಹಚ್ಚಿದ್ದಾದ್ರ ನಕಲಿ ರಾತ್ರೀನ ಗ್ವಾಡಿ ಏರಿತ್ತು. ಆವಾಗ ಜವರಮ್ಮ ಈ ಮನೀನ ನೋಡಿದ್ದಿಲ್ಲ. ವಿಶ್ವಾಸ್ ಕಡೆ ಕೀಲಿ ಇದ್ದಿಲ್ಲ. ಯಾರ ಕಡೆ ಇತ್ತೋ ಅವರ ಬದಲ್ ಮಾಡ್ಯಾರ." ಆಕೆ ಮೂಲೆಯತ್ತ ತಿರುಗಿದಳು. "ಕಮಲವ್ವಾರ, ಮಗಾ ಬೈತಾನಂತ ಇಷ್ಟೊತ್ತು ಸುಮ್ಮನ ಕೂತೀರಿ. ಯಾವಾಗ ಹಚ್ಚಿದ್ರಿ?"

ಚಿತ್ರ ಮುಟ್ಟಬೇಡ ಎಂದು ಮಗ ಹತ್ತು ಸಲ ಹೇಳಿದ್ದ. ಆದರೆ ಈಗ ಅದು ಬೈಗುಳದ ಮಾತಾಗಿ ಉಳಿದಿರಲಿಲ್ಲ. ಕಮಲವ್ವ ಮಗನ ಮುಖ ನೋಡಿದಳು. ಅವನು ನೆಲ ನೋಡಿದ. ಹೆತ್ತ ಕರುಳು, ಊಟ ಆದಮೇಲೆ ಎಂದುಬಿಡುತ್ತಾಳೆ ಎಂದುಕೊಂಡ ಕಲ್ಮೇಶ.

"ನಸಿಕಿನ್ಯಾಗ," ಎಂದಳು ಕಮಲವ್ವ. "ಇಂವ ಬಾಗಲಾ ತಗದ ಕೂಡ್ಲೆ. ಆಕಳಿಲ್ಲದ ಮನಿ ಹೊಗಬಾರದಂತ ನಾನ ಮೊದಲ ಹೋಗಿ ಚಿತ್ರದಾಗಿನ ಆಕಳಿಗೆ ಹಚ್ಚೀನಿ. ಇನ್ನೂ ಯಾರೂ ಬಂದಿದ್ದಿಲ್ಲ."

ಸ್ಮಿತಾ ಗಂಡನ ಕಡೆ ತಿರುಗಿದಳು. ಬಸವಣ್ಣೆವ್ವ ಉಳಿದದ್ದನ್ನೂ ಬಿಡಿಸಿ ಹೇಳಿದಳು. ವಿಶ್ವಾಸ್ ಒಮ್ಮೆ ಖರೇ ಎಂದ ಮೇಲೆ ಮತ್ತೆ ಯಾರೂ ಭೂತಗನ್ನಡಿ ಹಿಡಿಯುವುದಿಲ್ಲ ಎಂಬ ಧೈರ್ಯ ಪ್ರಭುದೇವನಿಗಿತ್ತು. ಹೋಳಿಗೆ ತಿಂದ ಹುರುಪಿನಲ್ಲಿ ವಿಶ್ವಾಸನೇ ಮತ್ತೆ ಹಿಡಿದ. ಆಗ ಪ್ರಭುದೇವನ ಬಾಯಿಗೆ ಬಂದ ಹೆಸರು ಜವರಮ್ಮನದು. ಯಾಕೆ ಹೀಗೆ ಮಾಡಿದ ಎಂಬುದನ್ನು ಅವನೇ ಹೇಳಬೇಕು ಎಂದಳು.

ಪ್ರಭುದೇವ ಎದ್ದು ಜವರಮ್ಮನಿಗೆ ಕೈ ಮುಗಿದು, ತಪ್ಪಾಯಿತು ಎಂದು ಗೊಣಗಿದ.

"ನನ್ ತಾವ ಹೇಳಿದ್ರೆ ಏನ್ ಬಂತು ಸಾಮಿ?" ಎಂದಳು ಜವರಮ್ಮ. "ಅಲ್ಲಿ ಕೂತವ್ರಲ್ಲ, ಅವ್ರ ಮುಂದೆ ಹೇಳಿ."

ಅವನು ಅಲ್ಲಾಡಲಿಲ್ಲ. ಕಮಲವ್ವನೇ ಅವನ ಮೊಣಕೈ ಹಿಡಿದು ಹಿತ್ತಲಿಗೆ ನಡೆಸಿದಳು. ಎಲ್ಲರ ಮುಂದೆ ಪ್ರಭುದೇವ ಬಾಯಿಬಿಟ್ಟ. ಕೆಲಸ ಹೋಗಿ ಎಷ್ಟೋ ದಿನವಾಗಿತ್ತು, ಹೆಂಡತಿಗೂ ಹೇಳದೆ ದಿನಾ ಆಫೀಸಿಗೆಂದು ಹೊರಡುತ್ತಿದ್ದ, ಚಿತ್ರವನ್ನು ನಿನ್ನೆ ರಾತ್ರಿ ತಾನೇ ಮಾರಿದ್ದ. ಸ್ಮಿತಾ ಬಾಗಿಲಲ್ಲೇ ನಿಂತು ಕೇಳಿದಳು. ಅವಳ ಕಣ್ಣು ತುಂಬಿದ್ದು ಚಿತ್ರಕ್ಕಾಗಿ ಅಲ್ಲವೆಂದು ಕಲ್ಮೇಶನಿಗೂ ಗೊತ್ತಾಯಿತು.

"ಅಡಿಗಿಯವರದು ಏನೂ ತಪ್ಪಿಲ್ಲ," ಎಂದು ಪ್ರಭುದೇವ ಮಾತು ಮುಗಿಸಿದ.

ಕಮಲವ್ವ ಅವನ ಮೊಣಕೈ ಬಿಟ್ಟಿರಲಿಲ್ಲ. "ಕಳವು ಹೊರಿಸೂಮುಂದ ಹೆಸರ ಹಿಡದ ಹೇಳಿದ್ದಿ," ಎಂದಳು. "ಈಗೂ ಹೆಸರ ಹಿಡದ ಹೇಳು."