ಹಲಗೆಯ ಮೇಲಿನ ಬಡಿತ

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಮಧ್ಯಾಹ್ನ ಜೋಳದ ರೊಟ್ಟಿ ಬಡಿಯುತ್ತಿದ್ದೆ. ವರ್ಷಗಟ್ಟಲೆ ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ಸದ್ದು ಥಟ್ಟನೆ ನಿಂತಿತು. ಬೆರಗಾಗಿ ಕೈ ನಿಲ್ಲಿಸಿದೆ.

ಆ ಸದ್ದು ಹುಮನಾಬಾದಿನ ಬೇಳೆ ಮಿಲ್ಲಿನಲ್ಲಿ ಹತ್ತಿದ್ದು. ಅಲ್ಲಿ ನಾನೂ ಮೋರಖಂಡಿಯ ಮುಕ್ತಾಬಾಯಿಯೂ ಒಂದೇ ಹಲಗೆಯ ಮೇಲೆ ಕೂತು ಬೇಳೆ ಆರಿಸುತ್ತಿದ್ದೆವು. ಯಂತ್ರದ ಗದ್ದಲದಲ್ಲಿ ಮಾತು ಕೇಳದು. ಕರೆಯಬೇಕೆಂದರೆ ಮುಕ್ತಾ ಹಲಗೆಗೆ ಎರಡು ಏಟು ಹಾಕಿ, ತುಸು ತಡೆದು ಇನ್ನೊಂದು ಹಾಕುವಳು. ಅದು ಮೈಗೇ ತಿಳಿಯುತ್ತಿತ್ತು. ಇಬ್ಬರ ಕಿವಿಯೂ ಅಲ್ಲೇ ಕೆಟ್ಟವು.

"ಕೇಳೋದು ಕಮ್ಮಿ ಆದ್ರ ಮಿದುಳು ತಾನೇ ಸದ್ದು ಹುಟ್ಟಿಸ್ತದ್ರಿ," ಎಂದರು ಡಾಕ್ಟರು. ಕಿವಿಯ ಮಷೀನು ಕೊಟ್ಟು, ಸಣ್ಣಗೆ ಮಳೆಯ ಸದ್ದು ಹಚ್ಚಿಕೊಂಡು ಆ ಗುಂಯ್ ಅನ್ನುವುದನ್ನು ಮರೆಯುವ ಅಭ್ಯಾಸ ಮಾಡಿಸಿದರು. ಸದ್ದು ತಗ್ಗಿತು. ಮುಕ್ತಾಳಿಗೆ ಫೋನು ಕೇಳದು, ಅದಕ್ಕೇ "ನೀನೂ ಈ ಡಾಕ್ಟರ ಕಡೆ ಬಾ" ಎಂದು ಕಾಗದ ಬರೆದೆ. ಪೂರಾ ವಾಸಿಯಾದ ಮೇಲೆ ಕಳಿಸೋಣವೆಂದು ಹಾಗೇ ಇಟ್ಟಿದ್ದೆ.

ಈಗ ಒಲೆಯ ಪಕ್ಕದಲ್ಲೇ ಇದ್ದರೂ ರೊಟ್ಟಿ ಹಲಗೆ ತಣ್ಣಗಾಗಿತ್ತು. ಅದರ ಮೇಲೆ ಎರಡು ಏಟು, ತಡೆದು ಒಂದು.

"ಆಯಿ, ಹಲಗಿ ಯಾಕ ಬಡ್ಯಾಕತ್ತಿ? ಹಂಚಿನ್ಯಾಗ ರೊಟ್ಟಿ ಹೊತ್ತಾಕತ್ತದ ನೋಡು!" ಮೊಮ್ಮಗಳು ಪೂನಂ ಬಾಗಿಲಿಂದ ಕೂಗಿದಳು.

"ನಾ ಎಲ್ಲಿ ಬಡ್ಯಾಕತ್ತೀನಿ, ಖೋಡಿ ಹುಡುಗಿ?"

ನನ್ನ ಎರಡೂ ಕೈ ಉಡಿಯಲ್ಲಿದ್ದವು. ಪೂನಂ ನೋಡುತ್ತಿದ್ದಂತೆಯೇ ಮತ್ತೆ ಎರಡು, ತಡೆದು ಒಂದು. ಹುಡುಗಿಯ ಮುಖ ಬಿಳಿಚಿಕೊಂಡಿತು.

ಒಲೆ ಆರಿಸಿ, ಇಟ್ಟಿದ್ದ ಕಾಗದ ತೆಗೆದುಕೊಂಡು, ಹಿಟ್ಟಿನ ಕೈಯಲ್ಲೇ ಪೂನಂಳ ಕೈ ಹಿಡಿದು ಅಂಚೆ ಡಬ್ಬಿಗೆ ಹೋದೆ. ಮುಕ್ತಾ ಹೇಗಿದ್ದಾಳೋ, ಇದ್ದಾಳೋ ಇಲ್ಲವೋ, ಗೊತ್ತಿರಲಿಲ್ಲ. ಕಾಗದ ಒಳಗೆ ಬಿದ್ದ ಕ್ಷಣ ಕಿವಿಯ ಆ ಗುಂಯ್ ಸದ್ದು ಮರಳಿ ಬಂತು.