ಗುಹೆಯಿಂದ ಹೊರಬಂದ ಕನ್ನಡಿ

"ಇನ್ನೊಂದ್ಸಲ ಕೆಮ್ಮಿ."

ಅವನು ನನ್ನೊಡನೆ ಆಡಿದ ಮೊದಲ ಮಾತು ಇದು. ಹೆಸರು ಕೇಳಲಿಲ್ಲ, ಒಂದು ನಮಸ್ಕಾರವೂ ಇಲ್ಲ. ನಾನು ರೇಡಿಯೊ ಸ್ಟುಡಿಯೊದಲ್ಲಿ ಮೈಕಿನ ಮುಂದೆ ಕುಳಿತಿದ್ದೆ, ಅವನು ದಪ್ಪ ಗಾಜಿನ ಆಚೆ ಯಂತ್ರಗಳ ನಡುವೆ. ದನಿ ಮಾತ್ರ ಹೆಡ್‌ಫೋನಿನಿಂದ ನೇರವಾಗಿ ಕಿವಿಯೊಳಗೆ ಬಂದು ಕುಳಿತಿತು.

"ಯಾಕೆ ಕೆಮ್ಮಬೇಕು?"

"ಏನೋ ಸದ್ದು ಬಂತು. ಮಷೀನ್‌ದೋ ನಿಮ್ದೋ ಗೊತ್ತಾಗ್ಬೇಕಲ್ಲ."

ಸಿಟ್ಟಿನಿಂದಲೇ ಕೆಮ್ಮಿದೆ.

"ನಿಮ್ದೇ. ಸದ್ಯ, ಮಷೀನ್ ಚೆನ್ನಾಗಿದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಇಂಥವನ ಜೊತೆ ವಾರವಾರವೂ ಕೆಲಸ ಮಾಡಬೇಕೇ ಎಂದುಕೊಂಡೆ. ಮುಂದಿನ ವಾರ ಬಸ್ಸಿಳಿದು ಸ್ಟುಡಿಯೊಗೆ ಓಡುವಾಗ ಜಡೆ ಸರಿಯಾಗಿದೆಯೇ ಎಂದು ಅಂಗಡಿಯ ಗಾಜಿನಲ್ಲಿ ನೋಡಿಕೊಂಡದ್ದೂ ಅಷ್ಟೇ ನಿಜ.

ಆಗ ನಾನು ಕಾಲೇಜಿನಲ್ಲಿದ್ದೆ. ಭಾನುವಾರದ ಮಕ್ಕಳ ಕಾರ್ಯಕ್ರಮಕ್ಕೆ ಕಥೆ ಓದುವ ಕೆಲಸ ಸಿಕ್ಕಿತ್ತು. ಅವನು ಧ್ವನಿಮುದ್ರಣ ಮಾಡುವವನು. ಎಲ್ಲರೂ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಆ ಕಾಲದಲ್ಲಿ ದನಿ ಎಂದರೆ ಕಂದು ಬಣ್ಣದ ಟೇಪು. ತಪ್ಪಿದ ಮಾತೋ ಕೆಮ್ಮೋ ಬಂದರೆ ಅದಿರುವ ಜಾಗವನ್ನು ಬೆರಳಿನಲ್ಲೇ ಹುಡುಕಿ, ಬ್ಲೇಡಿನಿಂದ ಕತ್ತರಿಸಿ, ಉಳಿದ ಎರಡು ತುದಿಗಳನ್ನು ಅಂಟಿಸಬೇಕು. ಅವನು ಅಂಟಿಸಿದ ಮೇಲೆ ಅಲ್ಲೊಂದು ಕೆಮ್ಮಿತ್ತು ಎಂದು ಕೆಮ್ಮಿದ ನನಗೇ ಗೊತ್ತಾಗುತ್ತಿರಲಿಲ್ಲ.

ನಾನು ಓದುವಾಗಲೂ ಓಡುವವಳು. ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿದ್ದೆ. "ಚುಕ್ಕಿ ಹತ್ರ ಉಸಿರು ತಗೊಳ್ಳಿ" ಎನ್ನುತ್ತಿದ್ದ ಕಿವಿಯೊಳಗಿಂದ. ಹೇಳಿ ಹೇಳಿ ಸಾಕಾಗಿ ಬರೀ "ಚುಕ್ಕಿ!" ಎನ್ನತೊಡಗಿದ. ಕೊನೆಗೆ ಅದೇ ನನ್ನ ಹೆಸರಾಯಿತು.

ಒಂದು ದಿನ ಓದುತ್ತ ಓದುತ್ತ ಗಾಜಿನತ್ತ ಕಣ್ಣು ಹೋಯಿತು. ಗಾಜಿನ ಈ ಬದಿಯಲ್ಲಿ ನನ್ನ ಮುಖದ ನೆರಳು, ಆ ಬದಿಯಲ್ಲಿ ಅವನ ಮುಖ. ಎರಡೂ ಒಂದರ ಮೇಲೊಂದು ಕುಳಿತಿದ್ದವು. ಅವನು ತಲೆ ಎತ್ತಿದ. ನಾನು ಗಡಿಬಿಡಿಯಲ್ಲಿ ಪುಟಕ್ಕೆ ಮರಳಿ, "ಗುಹೆಯಿಂದ ದೊಡ್ಡ ಕರಡಿಯೊಂದು ಹೊರಬಂತು" ಎನ್ನುವ ಬದಲು, "ಗುಹೆಯಿಂದ ದೊಡ್ಡ ಕನ್ನಡಿಯೊಂದು ಹೊರಬಂತು" ಎಂದು ಗಂಭೀರವಾಗಿ ಓದಿದೆ.

ಗಾಜಿನ ಆಚೆ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಒಂದು ಚೂರೂ ಸದ್ದಿಲ್ಲ. ಅಂಥ ನಗುವನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಆ ತಪ್ಪನ್ನು ಟೇಪಿನಿಂದ ಕತ್ತರಿಸಿದ, ಬಾಯಿಂದ ಬಿಡಲಿಲ್ಲ. ಅಲ್ಲಿಂದಾಚೆ ನಮ್ಮಿಬ್ಬರಿಗೂ ಕರಡಿ ಎಂದರೆ ಕನ್ನಡಿಯೇ. ಮೈತುಂಬ ಕೂದಲಿದ್ದ ನಮ್ಮ ಮೇಲಧಿಕಾರಿ ಕಾರಿಡಾರಿನಲ್ಲಿ ಬರುತ್ತಿದ್ದರೆ, "ಹುಷಾರು, ಕನ್ನಡಿ ಬರ್ತಿದೆ" ಎಂದು ಪಿಸುಗುಟ್ಟುತ್ತಿದ್ದ. ನಾನು ನಗು ತಡೆಯಲಾರದೆ ಕೆಮ್ಮುತ್ತಿದ್ದೆ. ಆ ಕೆಮ್ಮು ಬರಬರುತ್ತ ನಗುವಿಲ್ಲದೆಯೂ ಬರತೊಡಗಿತು.

ಸ್ಟುಡಿಯೊಗೆ ಕಿಟಕಿಯೇ ಇರಲಿಲ್ಲ. ಗೋಡೆಗೆಲ್ಲ ಮೆತ್ತೆ, ಹಾಸಿಗೆಯಷ್ಟು ದಪ್ಪದ ಬಾಗಿಲು. ಸದ್ದಾಗುತ್ತದೆಂದು ಫ್ಯಾನೂ ಹಾಕುತ್ತಿರಲಿಲ್ಲ. ಓದು ಮುಗಿದ ಮೇಲೆ ಅವನು ಒಳಗೆ ಬಂದು ಬಾಗಿಲು ಎಳೆದುಕೊಳ್ಳುತ್ತಿದ್ದ. ಇಬ್ಬರೂ ಒಂದೇ ಸ್ಪೀಕರಿನ ಮುಂದೆ ತಲೆ ಬಗ್ಗಿಸಿ ಇಡೀ ಕಥೆ ಕೇಳುತ್ತಿದ್ದೆವು. ಅಷ್ಟು ಗಾಳಿಗೆ ನಾವಿಬ್ಬರೇ. ಆಗ ಅದು ನನಗೆ ಸ್ವರ್ಗ. ಈಗ ಯಾರಾದರೂ ಹಾಗೆ ಕುಳಿತದ್ದು ಕಂಡರೆ ಬೈದು ಹೊರಗೆ ಕಳಿಸುತ್ತೇನೆ.

ಕೊನೆಯ ದಿನ ಒಂದು ಪುಟವೂ ಮುಂದೆ ಸಾಗಲಿಲ್ಲ. ಓದುವುದು, ಕೆಮ್ಮುವುದು, ಮತ್ತೆ ಮೊದಲಿಂದ. ಗಾಜಿನ ಆಚೆ ಅವನು ನಗುತ್ತಿರಲಿಲ್ಲ.

"ಸಾಕು ನಿಲ್ಸಿ," ಎಂದ. "ನಾಳೆಯಿಂದ ನೀವು ಬರ್ಬೇಡಿ."

ನಾನು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿ, ಅವನತ್ತ ತಿರುಗಿಯೂ ನೋಡದೆ ಹೊರಟುಬಿಟ್ಟೆ.

ಅದೇ ವಾರ ಡಾಕ್ಟರು ಕ್ಷಯ ಎಂದರು. ಅಮ್ಮ ರಾತ್ರೋರಾತ್ರಿ ನನ್ನನ್ನು ದೂರದ ಊರಿನಲ್ಲಿದ್ದ ಅಕ್ಕನ ಮನೆಗೆ ಸಾಗಿಸಿದಳು. "ಯಾರ ಹತ್ರಾನೂ ಬಾಯಿ ಬಿಡ್ಬೇಡ. ನಾಳೆ ನಿನ್ನ ಯಾರು ಮಾಡ್ಕೋತಾರೆ?" ಊರಿಗೆಲ್ಲ ಕೆಲಸ ಸಿಕ್ಕಿತೆಂದು ಹೇಳಿದಳು. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಮಾತ್ರೆ ನುಂಗುತ್ತ ನಾನು ರೇಡಿಯೊ ಹಾಕುತ್ತಿದ್ದೆ. ಬೇರೆ ಯಾರೋ ಹುಡುಗಿ ಚುಕ್ಕಿ ಚುಕ್ಕಿಗೂ ಉಸಿರು ತೆಗೆದುಕೊಂಡು ಚೆಂದವಾಗಿ ಓದುತ್ತಿದ್ದಳು. ಅಳುವೇ ಬರುತ್ತಿತ್ತು.

ಕಾಯಿಲೆ ವಾಸಿಯಾಯಿತು. ನನ್ನನ್ನು ಅಷ್ಟು ಸತಾಯಿಸಿದ ಜೀವಾಣು ಎಂಥದ್ದೆಂದು ನೋಡಲೇಬೇಕೆಂಬ ಹಟಕ್ಕೆ ಅದನ್ನೇ ಓದಿದೆ. ಮದುವೆಯ ಮಾತು ಬಂದಾಗಲೆಲ್ಲ ಏನೋ ನೆಪ ಹೇಳಿದೆ. ಇಪ್ಪತ್ತು ಚಿಲ್ಲರೆ ವರ್ಷ ಕಳೆದು, ಕೆಲಸದ ಮೇಲೆ ಅದೇ ಊರಿಗೆ ಮರಳಿದೆ. ರೇಡಿಯೊ ಬೀದಿಯ ಕಡೆಗೆ ಮಾತ್ರ ತಲೆ ಹಾಕಲಿಲ್ಲ.

ನಮ್ಮ ಲ್ಯಾಬಿನ ಕೆಲಸ ಹೇಳುವುದು ಸುಲಭ. ಕ್ಷಯದ ಜೀವಾಣುವಿನ ಜೀನೋಮ್ ಎಂದರೆ ಸುಮಾರು ನಲವತ್ತನಾಲ್ಕು ಲಕ್ಷ ಅಕ್ಷರಗಳ ಒಂದು ದೊಡ್ಡ ಪಾಠ. ಜೀವಾಣು ಬೆಳೆಯುವಾಗ ಆ ಪಾಠವನ್ನು ನಕಲು ಮಾಡುತ್ತದೆ, ಎಲ್ಲೋ ಅಪರೂಪಕ್ಕೆ ಒಂದಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ನಕಲಿಗೂ ದಾಟುತ್ತದೆ. ಇಬ್ಬರು ರೋಗಿಗಳಲ್ಲಿ ಅದೇ ತಪ್ಪುಗಳಿದ್ದರೆ ಅವರ ಕಾಯಿಲೆಗೆ ನಂಟಿದೆ ಎಂದರ್ಥ. ಒಬ್ಬರಿಂದ ಒಬ್ಬರಿಗೆ ದಾಟಿರಬಹುದು, ಇಲ್ಲವೇ ಇಬ್ಬರಿಗೂ ಹತ್ತಿರದವರೇ ಯಾರೋ ಕೊಟ್ಟಿರಬಹುದು. ಪರದೆಯ ಮೇಲೆ ಒಬ್ಬೊಬ್ಬ ರೋಗಿಯೂ ಒಂದೊಂದು ಚುಕ್ಕಿ. ನಂಟಿದ್ದರೆ ನಡುವೆ ಗೆರೆ.

ನಾನು ಚಿಕಿತ್ಸೆ ಪಡೆದ ಆಸ್ಪತ್ರೆ ತನ್ನ ಹಳೆಯ ಸ್ಯಾಂಪಲ್‌ಗಳನ್ನೆಲ್ಲ ನಮ್ಮ ಫ್ರೀಜರಿಗೆ ಕಳಿಸಿತ್ತು. ಅದರಲ್ಲಿ ನನ್ನದೂ ಒಂದು. ಯಾವ ಚುಕ್ಕಿ ನಾನೆಂದು ನನಗೊಬ್ಬಳಿಗೇ ಗೊತ್ತಿತ್ತು. ವರ್ಷಗಳಿಂದ ಅದು ಪರದೆಯ ಮೂಲೆಯಲ್ಲಿ ಒಂಟಿಯಾಗಿ ಕುಳಿತಿತ್ತು.

ಒಂದು ಬೆಳಿಗ್ಗೆ ಅದರ ಪಕ್ಕದಲ್ಲಿ ಇನ್ನೊಂದು ಚುಕ್ಕಿ ಬಂದಿತ್ತು. ನಡುವೆ ಗೆರೆ.

"ನೋಡಿ, ವಿಚಿತ್ರ," ಎಂದರು ನಮ್ಮ ಹಿರಿಯ ಡಾಕ್ಟರು ಮೀಟಿಂಗಿನಲ್ಲಿ. "ಒಂದು ಅಷ್ಟು ಹಳೇದು, ಇನ್ನೊಂದು ಮೊನ್ನೆ ಮೊನ್ನೆದು. ಇರೋದು ಒಂದೇ ಅಕ್ಷರದ ವ್ಯತ್ಯಾಸ. ಅಂದ್ರೆ ಆವಾಗ್ಲೇ ಎದೆಗೆ ಹೋಗಿ ಇಷ್ಟು ವರ್ಷ ನಿದ್ದೆ ಮಾಡಿ ಈಗ ಎದ್ದಿರಬೇಕು. ಇಲ್ಲಾಂದ್ರೆ ನಮಗೆ ಗೊತ್ತಿಲ್ದಿರೋ ಯಾರೋ ಊರಲ್ಲಿ ಕೆಮ್ಮುತ್ತಾ ಓಡಾಡ್ತಿದ್ದಾರೆ. ಈ ರೋಗಿ ಏನಂತಾರೆ?"

ಮನೆಮನೆಗೆ ಹೋಗಿ ರೋಗಿಗಳನ್ನು ಮಾತಾಡಿಸಿ ಬರುವ ಹೆಲ್ತ್ ವಿಸಿಟರ್ ಕೈ ಎತ್ತಿದಳು. ಬಾಯಿ ಜೋರು, ಮನಸ್ಸು ಬೆಣ್ಣೆ.

"ಬಾಯೇ ಬಿಡಲ್ಲ ಮೇಡಂ. 'ನನ್ನ ಹತ್ರ ಯಾರೂ ಕೆಮ್ಮಿಲ್ಲ, ಜನ್ಮದಲ್ಲೇ ಕೆಮ್ಮಿಲ್ಲ' ಅಂತಾರೆ. ಮದುವೆ ಆಗಿಲ್ಲ, ಕೆಳಗಡೆ ಮನೇಲಿ ತಂಗಿ ಸಂಸಾರ. ಆ ತಂಗಿ ಮಗಳಿಗೂ ಟೆಸ್ಟ್ ಮಾಡ್ಸಿದೀವಿ, ಪಾಪ ಅವರಮ್ಮ ಹೆದ್ರಿ ಸಾಯ್ತಿದ್ದಾಳೆ, ಎಲ್ಲಿಂದ ಬಂತು ಎಲ್ಲಿಂದ ಬಂತು ಅಂತ. ಈಯಪ್ಪ ಬೇರೆ ಏನೇನೋ ಮಾತಾಡ್ತಾರೆ. ಎದೆ ಹೇಗಿದೆ ಸಾರ್ ಅಂದ್ರೆ, 'ದೊಡ್ಡ ಕನ್ನಡಿ ಹತ್ತಿ ಕೂತಂಗಿದೆ' ಅಂದ್ರು. ಎದೆ ಮೇಲೆ ಕನ್ನಡಿ ಯಾಕೆ ಕೂರುತ್ತೆ ಸಾರ್ ಅಂದೆ. 'ಅಯ್ಯೋ, ಕರಡಿ ಕಣಮ್ಮ, ಬಾಯಿತಪ್ಪಿ ಬಂತು' ಅಂದ್ರು."

ಎಲ್ಲರೂ ನಕ್ಕರು. ನಾನು ಪರದೆಯನ್ನೇ ನೋಡುತ್ತಿದ್ದೆ. ಲೋಕದಲ್ಲಿ ಆ ತಪ್ಪನ್ನು ಮಾಡುವವರು ಇಬ್ಬರೇ. ಅವನು ಇಷ್ಟು ವರ್ಷ ಅದನ್ನು ಬಿಟ್ಟಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಹೇಳಿದರೆ ಅಮ್ಮ ಬಚ್ಚಿಟ್ಟದ್ದು ಹೊರಬೀಳುತ್ತದೆ. ಬರಬೇಡ ಎಂದವನ ಮುಂದೆ, ನಿನಗೆ ಕಾಯಿಲೆ ಕೊಟ್ಟವಳು ನಾನೇ ಎಂದು ಹೋಗಿ ನಿಲ್ಲಬೇಕು. ಹೇಳದಿದ್ದರೆ ಆ ತಂಗಿ ತನ್ನ ಮಗಳನ್ನು ಅಪ್ಪಿಕೊಂಡು ಹೆದರುತ್ತಲೇ ಇರುತ್ತಾಳೆ. ಮೀಟಿಂಗ್ ಮುಗಿದ ಮೇಲೆ ಡಾಕ್ಟರ ಕೋಣೆಗೆ ಹೋದೆ.

"ಆ ಹಳೇ ಚುಕ್ಕಿ ನಾನೇ, ಮೇಡಂ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಾಗಾದ್ರೆ ಇನ್ಮೇಲೆ ಈ ಕೇಸ್ ನೀವು ಮುಟ್ಟಬಾರ್ದು. ಅವರಿಗೆ ತಿಳಿಸೋದು ಬಿಡೋದು ನಿಮಗೆ ಬಿಟ್ಟಿದ್ದು." ನಾನು ತಿಳಿಸಿ ಎಂದೆ. ಹೆಸರು ಹೇಳದೆ, ಆ ಇನ್ನೊಬ್ಬರು ಭೇಟಿಯಾಗಲು ಒಪ್ಪಿದ್ದಾರೆಂದಷ್ಟೇ ವಿಸಿಟರ್ ಕೈಯಲ್ಲಿ ಹೇಳಿಕಳಿಸಿದರು.

ಮರುದಿನ ಅವಳು ತಲೆ ಕೆರೆದುಕೊಳ್ಳುತ್ತ ಬಂದಳು. "ಬರ್ಲಿ ಅಂದ್ರು ಮೇಡಂ. ಒಂದೇ ಪ್ರಶ್ನೆ ಕೇಳಿದ್ರು. 'ಅವರು ಈಗಲಾದ್ರೂ ಚುಕ್ಕಿ ಹತ್ರ ಉಸಿರು ತಗೋತಾರಾ?' ಅಂತ. ಇದೇನು, ಹೊಸ ಟೆಸ್ಟಾ?"

ಅವನ ಕೋಣೆ ಮಹಡಿಯ ಮೇಲಿತ್ತು. ವಿಸಿಟರ್ ಅಪ್ಪಣೆಯಂತೆ ಕಿಟಕಿಗಳೆಲ್ಲ ಹಾರುಹೊಡೆದಿದ್ದವು, ಪರದೆಗಳನ್ನು ಗಂಟು ಹಾಕಿ ಮೇಲೆ ಕಟ್ಟಲಾಗಿತ್ತು. ಮಾತ್ರೆ ಶುರುವಾಗಿ ಎರಡು ತಿಂಗಳಾಗಿದ್ದರಿಂದ ಅವನಿಂದ ಈಗ ಯಾರಿಗೂ ಹರಡುವ ಭಯವಿರಲಿಲ್ಲ. ಕೂದಲು ಬೆಳ್ಳಗಾಗಿತ್ತು, ಅಂಗಿ ಹೆಗಲ ಮೇಲೆ ಜೋತಾಡುತ್ತಿತ್ತು. ಕಣ್ಣಿನ ತುಂಟತನ ಮಾತ್ರ ಇದ್ದಲ್ಲೇ ಇತ್ತು.

"ಕೂತ್ಕೊಳ್ಳಿ. ಏದುಸಿರು ಬಿಡ್ತಿದೀರ. ಮೆಟ್ಟಿಲೂ ಓಡ್ಕೊಂಡೇ ಹತ್ತಿದ್ರಾ?"

ಮನೆಯಿಂದ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ಯಾರೂ ಕೆಮ್ಮಿಲ್ಲ ಅಂತ ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳೇನು? ಎಲ್ಲಾ ಕೆಮ್ಮೂ ನಾನೇ ಕಟ್ ಮಾಡಿದ್ದೆ. ಯಾವ ಟೇಪ್ ಬೇಕಾದ್ರೂ ಹಾಕಿ ನೋಡಿ, ಒಂದೂ ಸಿಗಲ್ಲ." ಆಮೇಲೆ ದನಿ ತಗ್ಗಿಸಿದ. "ನಿಮ್ಮ ಮನೆಗೆ ಬಂದು ಕೇಳಿದ್ದೆ, ಕೆಲಸ ಸಿಕ್ತು ಅಂದ್ರು. ಮನೆಯವರೇ ಮುಚ್ಚಿಟ್ಟ ವಿಷಯ. ನಾನು ಯಾಕೆ ಹೇಳ್ಲಿ?"

"ಗೊತ್ತಿತ್ತಾ ನಿಮಗೆ?"

"ಟೇಪಲ್ಲಿ ಒಂದೊಂದು ಕೆಮ್ಮನ್ನೂ ಹತ್ತತ್ತು ಸಲ ಹಿಂದೆ ಮುಂದೆ ಮಾಡಿ ಕೇಳಿದವನು ನಾನು. ಡಾಕ್ಟರಿಗಿಂತ ಮೊದ್ಲು ನನಗೇ ಭಯ ಆಗಿದ್ದು. ಅದಕ್ಕೇ ಅಲ್ವಾ ಬರ್ಬೇಡಿ ಅಂದಿದ್ದು?"

"ನನ್ನ ಓದು ಸರಿಯಿಲ್ಲ ಅಂತ ಕಳಿಸಿದ್ರಿ ಅಂದ್ಕೊಂಡಿದ್ದೆ."

ಅವನು ಎದ್ದು, ಮೂಲೆಯಲ್ಲಿದ್ದ ಹಳೆಯ ಟೇಪ್ ಯಂತ್ರದ ಗುಂಡಿ ಒತ್ತಿದ. ಮೊದಲು ಒಂದು ಕೆಮ್ಮು. ಮತ್ತೊಂದು ಕೆಮ್ಮು. ಒಂದು ನಗು. "ಅಯ್ಯೋ, ಮತ್ತೆ ತಪ್ಪಿದೆ." "ಗುಹೆಯಿಂದ ದೊಡ್ಡ ಕನ್ನಡಿಯೊಂದು." ಆಮೇಲೆ ಮತ್ತೆ ಕೆಮ್ಮು. ಕತ್ತರಿಸಿ ಎಸೆಯಬೇಕಾದದ್ದನ್ನೆಲ್ಲ ಒಂದಕ್ಕೊಂದು ಅಂಟಿಸಿ ಇಟ್ಟುಕೊಂಡಿದ್ದ. ಕೊನೆಯಲ್ಲಿ ಮೇಜಿನ ಮೇಲೆ ಏನೋ ಟಕ್ಕೆಂದು ಬಿತ್ತು. ಅಲ್ಲಿಗೆ ಟೇಪು ಮುಗಿಯಿತು.

"ಅದು ನಿಮ್ಮ ಹೆಡ್‌ಫೋನ್," ಎಂದ. "ಅದಾದ್ಮೇಲೂ ನಾನು ಮಾತಾಡ್ತಾನೇ ಇದ್ದೆ. 'ನಾಳೆಯಿಂದ ನೀವು ಬರ್ಬೇಡಿ, ಮೊದ್ಲು ಡಾಕ್ಟರಿಗೆ ತೋರ್ಸೋಣ, ನಾನೂ ಜೊತೆಗೆ ಬರ್ತೀನಿ' ಅಂತ. ಖಾಲಿ ಹೆಡ್‌ಫೋನಿಗೆ ಹೇಳಿದೆ. ನೀವು ಚುಕ್ಕಿವರೆಗೂ ನಿಲ್ಲೋರೇ ಅಲ್ವಲ್ಲ."

ಎಷ್ಟು ವರ್ಷ, ಅರ್ಧ ವಾಕ್ಯವನ್ನು ಎದೆಯಲ್ಲಿಟ್ಟುಕೊಂಡು ಬದುಕಿದ್ದೆ. ಕಣ್ಣೊರೆಸಿಕೊಂಡು, ಬಂದ ಕೆಲಸವನ್ನು ಹೇಳಿದೆ. "ಇದು ನನ್ನಿಂದ್ಲೇ ಬಂದಿರ್ಬೇಕು. ನನ್ನ ಸ್ಯಾಂಪಲ್ಲಿಗೂ ನಿಮ್ಮದಕ್ಕೂ ಒಂದೇ ಒಂದು ಅಕ್ಷರ ವ್ಯತ್ಯಾಸ."

"ಕರಡಿಗೂ ಕನ್ನಡಿಗೂ ಅಷ್ಟೇ ಅಲ್ವಾ?" ಎಂದು ನಕ್ಕ. "ನಿಮ್ಮದು ಅಂತ ನನ್ನ ಹತ್ರ ಆ ಟೇಪ್ ಒಂದೇ ಇರೋದು ಅಂದ್ಕೊಂಡಿದ್ದೆ."

"ಕಾಯಿಲೆಗೆಲ್ಲ ಕವಿತೆ ಕಟ್ಬೇಡಿ. ಹೊತ್ತು ಹೊತ್ತಿಗೆ ಮಾತ್ರೆ ನುಂಗಿ."

"ನೀವು ಬೈದ್ರೆ ನುಂಗ್ತೀನಿ."

ಮೆಟ್ಟಿಲ ಮೇಲೆ ವಿಸಿಟರ್ ದನಿ ಕೇಳಿಸಿತು. ಹಿಂದೆಯೇ ತಂಗಿ, ಅವಳ ಸೆರಗು ಹಿಡಿದ ಮಗಳು. ನಾನು ಆ ತಾಯಿಗೆ ನಡೆದದ್ದನ್ನೆಲ್ಲ ಹೇಳಿದೆ: ಅಣ್ಣನದು ಹಳೆಯ ಕಾಯಿಲೆ, ನನ್ನ ಕಾಲದ್ದು, ಮನೆಯವರ ಟೆಸ್ಟುಗಳಲ್ಲಿ ಏನೂ ಸಿಕ್ಕಿಲ್ಲ, ಹೆದರಬೇಡಿ. ಅವಳು ನನ್ನನ್ನು ಬೈಯುತ್ತಾಳೆಂದುಕೊಂಡಿದ್ದೆ. ಅಣ್ಣನನ್ನೂ ನನ್ನನ್ನೂ ಒಂದು ಸಲ ನೋಡಿ, "ಓ, ಟೇಪಿನ ಅಕ್ಕ ನೀವೇನಾ!" ಎಂದಳು.

ವಿಸಿಟರ್ ಮೊಬೈಲ್ ತೆಗೆದಳು. "ಸರಿ, ಹಳೇ ಸಂಪರ್ಕ ಸಿಕ್ತು ಅಂತ ಹಾಕ್ಕೊಂಡೆ. ಇದೊಂದು ಕೇಳಲೇಬೇಕು ಸಾರ್. ಇವರು ನಿಮಗೆ ಏನಾಗಬೇಕು?"

ಅವನು ನನ್ನತ್ತ ನೋಡಿದ. ನಡುವೆ ಈಗ ಗಾಜಿರಲಿಲ್ಲ.

"ಇನ್ನೂ ಏನೂ ಆಗಿಲ್ಲ," ಎಂದ.

ಎದ್ದು ಹೊರಡಲು ಕೈ ತಾನಾಗಿ ಚೀಲದ ಕಡೆಗೆ ಹೋಯಿತು. ಅಲ್ಲೇ ತಡೆದೆ. ಇದೊಂದು ಸಲವಾದರೂ ಅವನ ಮಾತು ಮುಗಿಯುವವರೆಗೆ ಕುಳಿತಿರಬೇಕೆಂದು, ಉಸಿರು ತೆಗೆದುಕೊಂಡು ಕಾದೆ.

"ಆಗಬೇಕು," ಎಂದ.

ವಿಸಿಟರ್ ನನ್ನ ಮುಖ ನೋಡಿದಳು. "ಏನಂತ ಹಾಕ್ಲಿ ಮೇಡಂ?"

"ಅವರು ಹೇಳಿದ್ ಹಾಗೇ ಹಾಕಿ," ಎಂದೆ.