ಹಳೆಯ ಜೀಪಿನ ಏಳನೇ ನಿಯಮ

ಅವನು ಮೊದಲ ಸಲ ನನ್ನ ಜೊತೆ ಮಾತಾಡಿದ್ದೇ ಜಗಳಕ್ಕೆ.

"ಮೇಡಂ, ಹೊರಗೆ ಅಜ್ಜನ ಕಾಲದ ಜೀಪು, ಒಳಗೆ ನಿನ್ನೆ ತಂದ ಎಂಜಿನ್ನು. ಇದನ್ನೂ ಹಳೇ ಗಾಡಿ ಅಂತೀರಾ? ಹಾಗಾದ್ರೆ ವಿಗ್ ಹಾಕ್ಕೊಂಡವರೆಲ್ಲ ಹುಡುಗ್ರಾ?"

ಸಭೆಯಲ್ಲಿ ಎಲ್ಲರೂ ನಕ್ಕರು. ಅಧ್ಯಕ್ಷರ ಕುರ್ಚಿಯಲ್ಲಿದ್ದ ನನ್ನ ಸೋದರಮಾವ ಮಾತ್ರ ನಗಲಿಲ್ಲ. ಅವರದೂ ವಿಗ್ಗೇ.

ನಮ್ಮದು ಕಲ್ಲುಮಣ್ಣಿನ ದಾರಿಯಲ್ಲಿ ರೇಸು ನಡೆಸುವ ಕ್ಲಬ್ಬು. ಐವತ್ತು ವರ್ಷ ದಾಟಿದ ಜೀಪುಗಳಿಗೆ ಬೇರೆಯೇ ವಿಭಾಗ ಮಾಡಿ, ಅವುಗಳಲ್ಲಿ ಏನನ್ನು ಬದಲಿಸಬಹುದು, ಏನನ್ನು ಬದಲಿಸಬಾರದು ಎಂದು ನಿಯಮ ಬರೆಯುವ ಕೆಲಸ ನನ್ನ ತಲೆಗೆ ಬಂದಿತ್ತು. ರೇಸಿನ ದಿನ ಪ್ರತಿ ಗಾಡಿಯನ್ನೂ ಅಳೆದು ಸಹಿ ಹಾಕುವವಳೂ ನಾನೇ. ಅದಕ್ಕೇ ಎಲ್ಲರೂ ನನ್ನನ್ನು ಇಂಚುಪಟ್ಟಿ ಎನ್ನುತ್ತಿದ್ದರು. ಸಭೆಯಲ್ಲಿ ಜಗಳಕ್ಕೆ ಬಂದವನಿಗೆ ತುಕ್ಕು ಎಂಬ ಹೆಸರು. ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ತುಕ್ಕು ಹಿಡಿದ ಗಾಡಿ ಕಂಡರೆ ಪ್ರಾಣ.

ಎರಡು ತಿಂಗಳು ಪ್ರತಿ ಶನಿವಾರ ಅವನ ಅಂಗಡಿಗೆ ಹೋದೆ. ಹಳೆಯ ಸ್ಪ್ರಿಂಗು ಎಷ್ಟು ಉದ್ದ, ಆಕ್ಸಲ್ ಎಷ್ಟು ದಪ್ಪ, ಎಲ್ಲವನ್ನೂ ಅಳೆಯಬೇಕಿತ್ತು. ಟೇಪಿನ ಆ ತುದಿ ಅವನ ಕೈಯಲ್ಲಿ, ಈ ತುದಿ ನನ್ನ ಕೈಯಲ್ಲಿ. ಅಳತೆ ಬರೆದುಕೊಂಡ ಮೇಲೂ ಅವನು ಬಿಡುತ್ತಿರಲಿಲ್ಲ.

"ಬಿಡಿ, ಮುಗೀತು."

"ಒಂದು ಸಲ ಸರಿಯಾಗಿ ನೋಡ್ಕೊಳ್ಳಿ."

"ಟೇಪು ನೋಡ್ಲಾ, ನಿಮ್ಮನ್ನ ನೋಡ್ಲಾ?"

ಅವನು ಕಿವಿಯವರೆಗೂ ಕೆಂಪಾಗಿ ಟೇಪು ಬಿಡುತ್ತಿದ್ದ. ಅದು ಸರ್ರನೆ ಬಂದು ನನ್ನ ಬೆರಳಿಗೆ ಬಡಿಯುತ್ತಿತ್ತು.

ನಾನು ಹುಟ್ಟಾ ಅಂಜುಬುರುಕಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬರುವವಳು. ಹೋದ ವರ್ಷ ದೊಡ್ಡ ಇಳಿಜಾರಿನಲ್ಲಿ ಒಂದು ಗಾಡಿ ಮೂರು ಪಲ್ಟಿ ಹೊಡೆದದ್ದನ್ನು ಕಣ್ಣಾರೆ ಕಂಡಿದ್ದೆ. ಸೀಟಿನ ಸುತ್ತ ಬೆಸೆದಿದ್ದ ಕಬ್ಬಿಣದ ಕೊಳವೆಗಳ ಕೇಜು ಇದ್ದದ್ದಕ್ಕೆ ಓಡಿಸುತ್ತಿದ್ದವನು ಬದುಕಿದ. ತುಕ್ಕು ಕೂಡ ಅದೇ ಇಳಿಜಾರಿಗೆ ಇಳಿಯುತ್ತಾನೆ ಎಂದು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಆದರೂ ನಿಯಮಗಳು ಚೆನ್ನಾಗಿ ಬಂದವು. ಅದರಲ್ಲೂ ಏಳನೆಯದರ ಬಗ್ಗೆ ನನಗೆ ಹೆಮ್ಮೆ: 'ಗಾಡಿ ತಯಾರಾದ ಕಾಲದಲ್ಲಿ ಅದರ ಮೇಲೆ ಇಲ್ಲದ ಯಾವುದೂ ಈಗ ಇರಕೂಡದು.' ದುಡ್ಡಿರುವವರ ಹೊಸ ಎಂಜಿನ್ನು, ಹೊಸ ಶಾಕ್ ಅಬ್ಸಾರ್ಬರು ಎಲ್ಲಕ್ಕೂ ಒಂದೇ ಸಾಲಿನಲ್ಲಿ ಬೀಗ. ಅವನು ಅದನ್ನು ಎರಡು ಸಲ ಓದಿ, "ಇದು ನ್ಯಾಯ," ಎಂದಿದ್ದ. ಅಂದು ಮನೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ರೇಸಿನ ಬೆಳಗ್ಗೆ ಹನ್ನೊಂದು ಜೀಪುಗಳು ತಪಾಸಣೆಗೆ ನಿಂತಿದ್ದವು. ಕೊನೆಯದು ಅವನದು. ದೂರದಿಂದಲೇ ಏನೋ ಬೋಳುಬೋಳಾಗಿ ಕಂಡಿತು. ಹತ್ತಿರ ಹೋದೆ. ಸೀಟಿನ ಹಿಂದೆ ನಾಲ್ಕು ಕಡೆ ಉಜ್ಜಿ ಬಣ್ಣ ಬಳಿದ ಗುರುತುಗಳಿದ್ದವು.

ಒಂದು ಗುರುತಿನ ಮೇಲೆ ಬೆರಳಿಟ್ಟೆ.

"ಕೇಜು ಎಲ್ಲಿ?"

"ನಿನ್ನೆ ರಾತ್ರಿ ಕತ್ತರಿಸಿಬಿಟ್ಟೆ. ಆ ಕಾಲದಲ್ಲಿ ಇದಕ್ಕೆ ಕೇಜು ಎಲ್ಲಿತ್ತು? ನಿಮ್ಮ ಏಳನೇ ನಿಯಮ."

"ನಿನಗೆ ಬುದ್ಧಿ ನೆಟ್ಟಗಿದೆಯಾ?"

ಸಿಟ್ಟಿನಲ್ಲಿ ಏಕವಚನ ಬಂದುಬಿಟ್ಟಿತ್ತು. ಅವನ ಹುಬ್ಬು ಮೇಲೇರಿತು, ತುಟಿಯ ಒಂದು ಕೊನೆಯಲ್ಲಿ ನಗುವೂ ಬಂತು. ನಗುವ ಹೊತ್ತಾಗಿತ್ತೇ ಅದು?

ಕೇಜನ್ನು ಯಾರಾದರೂ ತೆಗೆಯಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ನನ್ನ ತಲೆಯಲ್ಲಿ ಅದು ಗಾಡಿಯ ಭಾಗವೇ ಅಲ್ಲ, ಜೀವದ ಭಾಗ. ಉಳಿದ ಹತ್ತು ಮಂದಿಯೂ ಹಾಗೆಯೇ ತಿಳಿದು ಅದನ್ನು ಮುಟ್ಟಿರಲಿಲ್ಲ. ಇವನೊಬ್ಬ ಅಕ್ಷರಕ್ಕೆ ಅಕ್ಷರ ಪಾಲಿಸಿದ್ದ. ಕಾಗದದ ಪ್ರಕಾರ ಹನ್ನೊಂದರಲ್ಲಿ ಸರಿಯಾಗಿದ್ದ ಗಾಡಿ ಅವನದೊಂದೇ, ಸಾಯಿಸುವ ಗಾಡಿಯೂ ಅದೊಂದೇ.

ಆಗಲೇ ಗಲಾಟೆ ಶುರುವಾಗಿತ್ತು. "ಕೇಜಿಲ್ಲ ಅಂದ್ರೆ ಅವನ ಗಾಡಿ ಐವತ್ತು ಕಿಲೋ ಹಗುರ. ಇದ್ಯಾವ ನ್ಯಾಯ?" ಎಂದು ಒಬ್ಬರು. "ಹಾಗಾದ್ರೆ ನಾವೆಲ್ಲ ನಿಯಮ ಮುರಿದ ಹಾಗಾ?" ಎಂದು ಇನ್ನೊಬ್ಬರು.

ಮಾವ ನನ್ನನ್ನು ಪಕ್ಕಕ್ಕೆ ಕರೆದರು. "ಎಲ್ಲರಿಗೂ ಸಹಿ ಹಾಕಿಬಿಡಮ್ಮ. ಓಡಿಸೋನಿಗೇ ಭಯ ಇಲ್ಲ, ನಿನಗ್ಯಾಕೆ? ತಪ್ಪು ಅಂತ ಒಪ್ಕೊಂಡ್ರೆ ನಾಳೆಯಿಂದ ನಿನ್ನ ಮಾತನ್ನ ಯಾರೂ ಕೇಳಲ್ಲ."

ಪೆನ್ನು ಹಿಡಿದೆ. ಅವನೊಬ್ಬನನ್ನೇ ತಡೆದರೆ ನನ್ನ ಮಾತು ಕೇಳಿದವನಿಗೇ ಶಿಕ್ಷೆ. ಬಿಟ್ಟರೆ ಆ ಇಳಿಜಾರು. ಮಗುಚಿದ ಜೀಪಿನ ಕೆಳಗಿಂದ ಅವನ ಕೈ ಮಾತ್ರ ಹೊರಗೆ ಚಾಚಿದ್ದು ಕಣ್ಣ ಮುಂದೆ ಬಂತು. ಸಹಿ ಹಾಕುವುದು ನನ್ನಿಂದ ಆಗಲಿಲ್ಲ.

ಮೈಕಿನ ಹತ್ತಿರ ಹೋದೆ. "ಏಳನೇ ನಿಯಮ ಬರೆದವಳು ನಾನು. ತಪ್ಪು ಬರೆದಿದ್ದೀನಿ. ಜೀವ ಕಾಯೋ ವಸ್ತು ಹಳೇದಾ ಹೊಸದಾ ಅಂತ ನೋಡಬಾರದಿತ್ತು. ಕೇಜು ಎಲ್ಲರಿಗೂ ಕಡ್ಡಾಯ ಆಗಬೇಕು, ತೂಕ ಎಲ್ಲರಿಗೂ ಸಮ ಇರಬೇಕು. ಇವತ್ತು ಹಳೇ ಗಾಡಿಗಳ ರೇಸು ಇಲ್ಲ. ಮುಂದಿನ ತಿಂಗಳು ನಡೆಯುತ್ತೆ." ಕೂಗಾಟದ ನಡುವೆ ಯಾರೋ ಇಂಚುಪಟ್ಟಿಯನ್ನು ಮನೆಗೆ ಕಳಿಸಿ ಎಂದರು. ಮಾವ ಮುಖ ತಿರುಗಿಸಿಕೊಂಡರು.

ಟೈರುಗಳ ರಾಶಿಯ ಹಿಂದೆ ಹೋಗಿ ಕೂತೆ. ಅವನು ಬಂದು ಎದುರಿಗೆ ನಿಂತ, ಮುಖ ಕೆಂಡವಾಗಿತ್ತು.

"ಎರಡು ತಿಂಗಳು ಕಾದಿದ್ದೆ ಈ ದಿನಕ್ಕೆ."

"ಗೊತ್ತು. ನನಗೆ ಹೆದರಿಕೆ ಆಯ್ತು."

"ನಿಮಗೆ ಯಾವಾಗ ಆಗಲ್ಲ?"

"ಬೇರೆಯವರಾಗಿದ್ರೆ ಬರೀ ನಿಯಮ ತಿದ್ದುತ್ತಿದ್ದೆ." ಕೈ ಚಾಚಿ ತೋರಿಸಿದೆ. ಬೆರಳುಗಳು ಇನ್ನೂ ನಡುಗುತ್ತಿದ್ದವು. "ಇದು ನಿಮಗೋಸ್ಕರ."

ಅವನ ಸಿಟ್ಟು ಇಳಿಯಿತು. ಟೈರಿನ ಮೇಲೆ ಪಕ್ಕದಲ್ಲೇ ಕೂತ.

"ಕೇಜು ಕತ್ತರಿಸುವಾಗ ನನ್ನ ಕೈಯೂ ನಡುಗ್ತಿತ್ತು," ಎಂದ. "ಇದು ತಪ್ಪು ಅಂತ ಅನ್ನಿಸಿತ್ತು."

"ಮತ್ತೆ ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?"

"ಆ ಸಾಲಿನ ಮೇಲೆ ನಿಮಗೆ ಎಷ್ಟು ಹೆಮ್ಮೆ. ತಪ್ಪು ಅಂದ್ರೆ ಬೇಜಾರಾಗಿ ಶನಿವಾರ ಬರೋದು ನಿಲ್ಲಿಸ್ತೀರೇನೋ ಅಂತ ಹೆದರಿದೆ."

ಇಳಿಜಾರಿಗೆ ಹೆದರದವನು ನನ್ನ ಮುನಿಸಿಗೆ ಹೆದರಿ ತಲೆಯನ್ನೇ ಪಣಕ್ಕಿಟ್ಟಿದ್ದ. ಅಳು ಉಕ್ಕಿ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಇನ್ಮೇಲೆ ನಾನು ತಪ್ಪು ಮಾಡಿದ್ರೆ ಮುಖಕ್ಕೆ ಹೇಳಬೇಕು. ಅವತ್ತೇ, ಆಗಲೇ."

"ಹೇಳ್ತೀನಿ." ನಡುಗುತ್ತಿದ್ದ ನನ್ನ ಕೈಯನ್ನು ತನ್ನ ಎರಡು ಒರಟು ಅಂಗೈಗಳ ನಡುವೆ ಇಟ್ಟುಕೊಂಡ. "ಜೀವನ ಪೂರ್ತಿ ಹೇಳಬೇಕಾಗುತ್ತೆ. ಪರವಾಗಿಲ್ವಾ?"

ಮುಂದಿನ ತಿಂಗಳು ಅವನು ಮತ್ತೆ ಆ ಇಳಿಜಾರಿಗೆ ಇಳಿಯುತ್ತಾನೆ. ಕೇಜು ಹಾಕಿಕೊಂಡೇ ಇಳಿಯುತ್ತಾನೆ, ಆದರೂ ಅವನು ಕೆಳಗೆ ಮುಟ್ಟುವವರೆಗೆ ನನಗೆ ಉಸಿರಾಡಲು ಆಗುವುದಿಲ್ಲ. ಅದರ ಮುಂದಿನ ರೇಸಿಗೂ ಹಾಗೇ, ಅದರ ಮುಂದಿನದಕ್ಕೂ ಹಾಗೇ. ಅದೆಲ್ಲ ಗೊತ್ತಿದ್ದೇ, "ಪರವಾಗಿಲ್ಲ," ಎಂದೆ.